ನೋಟ್‌ಬುಕ್ಕಿನ ಮೂಲೆಯಲ್ಲಿ ತಿರುಗಿದ ಹರಿಗೋಲು

ಕಳೆದ ವರ್ಷದ ಮಾತು. ಒಂಬತ್ತನೇ ತರಗತಿಗೆ ‘ಚಲನೆ’ ಪಾಠ ನಡೆದಿತ್ತು. ಕಪ್ಪುಹಲಗೆಯ ಮೇಲೆ ದೂರ-ಕಾಲದ ನಕ್ಷೆ ಬರೆದು ಹಿಂದಿರುಗಿ ನೋಡುತ್ತೇನೆ, ಕೊನೆಯ ಬೆಂಚಿನ ಹುಡುಗನೊಬ್ಬ ತಲೆ ಬಗ್ಗಿಸಿಕೊಂಡು ನೋಟ್‌ಬುಕ್ಕಿನ ಅಂಚನ್ನು ಹೆಬ್ಬೆರಳಿನಿಂದ ಸರ್ರನೆ ಬಿಡುತ್ತಿದ್ದಾನೆ. ಪಕ್ಕದವರಿಬ್ಬರು ಬಾಯಿ ತೆರೆದು ನೋಡುತ್ತಿದ್ದಾರೆ. ಮೂವತ್ತು ವರ್ಷ ಪಾಠ ಮಾಡಿದ ಮೇಷ್ಟರಿಗೆ ಇಂಥ ಸಂದರ್ಭದಲ್ಲಿ ಬರುವ ಸಿಟ್ಟು ಎಂಥದೆಂದು ಓದುಗರಿಗೆ ವಿವರಿಸಬೇಕಾಗಿಲ್ಲ. ನೋಟ್‌ಬುಕ್ ಕಿತ್ತುಕೊಂಡೆ, ಸ್ಟಾಫ್ ರೂಮಿನ ಬೀರುವಿನಲ್ಲಿಟ್ಟು ಬೀಗ ಹಾಕಿದೆ, ‘ನಾಳೆ ನಿಮ್ಮಪ್ಪನನ್ನು ಕರೆದುಕೊಂಡು ಬಾ’ ಎಂದೆ.

ಅಪ್ಪ ಬಂದರು. ಮೂಲ ಕಂಪ್ಲಿ ಕಡೆಯವರು, ಹೊಸಪೇಟೆಯಲ್ಲಿ ಬಾಡಿಗೆ ಮನೆ, ಸಂಡೂರಿನ ಅದಿರು ಲಾರಿಯ ಚಾಲಕರು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಲಾರಿಗಳು ಸಾಲುಸಾಲಾಗಿ ರಸ್ತೆ ಬದಿ ನಿಂತದ್ದನ್ನು ಈ ಭಾಗದವರು ಯಾರೂ ಮರೆತಿಲ್ಲ. ಆಗ ಇವರ ಮನೆಯಲ್ಲೂ ಒಲೆ ಹೊತ್ತುವುದು ಕಷ್ಟವಾಗಿತ್ತಂತೆ. ‘ಸಾರ್, ಇವನಿಗೆ ಡಿಪ್ಲೊಮಾ ಮಾಡ್ಸಿ ಒಂದು ಪರ್ಮನೆಂಟ್ ನೌಕರಿಗೆ ಹಚ್ಚಬೇಕಂತ ನಂದೊಂದು ಆಸೆ. ಇವ ನೋಡಿದ್ರೆ ಬರೀ ಚಿತ್ರ ಬರಿತಾನೆ. ಚಿತ್ರ ಬರದ್ರೆ ಹೊಟ್ಟೆ ತುಂಬ್ತೈತೇನ್ರಿ?’ ಎಂದು ಕೇಳಿದರು. ಹುಡುಗ ನೆಲ ನೋಡುತ್ತ ನಿಂತಿದ್ದ. ನಾನು ‘ಓದಿನ ಕಡೆ ಗಮನ ಕೊಡಪ್ಪ’ ಎಂದು ಎಲ್ಲ ಮೇಷ್ಟರೂ ಹೇಳುವುದನ್ನೇ ಹೇಳಿ ಕಳುಹಿಸಿದೆ.

ಅವರು ಹೋದ ಮೇಲೆ ಬೀರು ತೆಗೆದು ಆ ನೋಟ್‌ಬುಕ್ಕನ್ನು ನಾನೂ ಹೆಬ್ಬೆರಳಿನಿಂದ ಬಿಟ್ಟು ನೋಡಿದೆ. ಮೂಲೆಯಲ್ಲಿ ಹರಿಗೋಲೊಂದು ತಿರುಗಿತು. ಹಂಪಿಯ ಹೊಳೆಯಲ್ಲಿ ತಿರುಗುವ ಹಾಗೆಯೇ, ಒಳಗೆ ಹುಟ್ಟು ಹಿಡಿದ ಒಬ್ಬ ಮನುಷ್ಯ. ಎಣಿಸಿದೆ: 24 ಪುಟ, 24 ಚಿತ್ರ, ಪ್ರತಿ ಪುಟಕ್ಕೂ ಹರಿಗೋಲು ಅಂದಾಜು 15 ಡಿಗ್ರಿ ತಿರುಗಿದೆ. 24ನ್ನು 15ರಿಂದ ಗುಣಿಸಿದರೆ 360. ನಾನು ಹಲಗೆಯ ಮೇಲೆ ನಿಂತ ಗೆರೆಯಲ್ಲಿ ತೋರಿಸುತ್ತಿದ್ದ ಚಲನೆಯನ್ನು ಅವನು ನಡೆಸಿಯೇ ತೋರಿಸಿದ್ದ!

ಆ ತಂದೆಯ ಪ್ರಶ್ನೆಗೆ ಅಂದು ನಾನು ಉತ್ತರ ಕೊಡಲಿಲ್ಲ. ಹೊಟ್ಟೆ ತುಂಬುತ್ತದೆಯೇ? ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಇಬ್ಬರ ಕಥೆ. ಒಬ್ಬರು ಚಿತ್ರಕಥೆಗೆ ಹೋದವರು, ಇನ್ನೊಬ್ಬರು ಚಿತ್ರಗಳನ್ನು ಓಡಿಸಲು ಹೋಗಿ ಸ್ವಂತ ಸ್ಟುಡಿಯೊ ಕಟ್ಟಿದವರು. ವಿಜ್ಞಾನದ ಮೇಷ್ಟರಾದ ನನಗೆ ಸ್ವಲ್ಪ ಸಂಕಟದ ಸಂಗತಿಯೆಂದರೆ, ಇಬ್ಬರೂ ರಸಾಯನಶಾಸ್ತ್ರ ಓದಿ ಬಿಟ್ಟವರು.

ಕಾರ್ಕಳದಿಂದ ಮುಂಬಯಿಗೆ

ಅನಂತ ಪೈ ಹುಟ್ಟಿದ್ದು 1929ರಲ್ಲಿ, ಗೊಮ್ಮಟನ ಊರಾದ ಕಾರ್ಕಳದಲ್ಲಿ. ಎರಡು ವರ್ಷ ತುಂಬುವಷ್ಟರಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡರು. ಬಂಧುಗಳ ಮನೆಯಲ್ಲಿ ಬೆಳೆದು, ಹನ್ನೆರಡರ ಪ್ರಾಯದಲ್ಲಿ ಮುಂಬಯಿಗೆ ಹೋದರು. ಅಲ್ಲಿ ಮಾಹಿಮ್‌ನ ಶಾಲೆಯಲ್ಲಿ ಓದಿ, ಮುಂಬಯಿ ವಿಶ್ವವಿದ್ಯಾಲಯದ ಹೆಸರಾಂತ ರಾಸಾಯನಿಕ ತಂತ್ರಜ್ಞಾನ ವಿಭಾಗವನ್ನು ಸೇರಿದರು. ಅಲ್ಲಿಂದ ಹೊರಬಿದ್ದವರಿಗೆ ಆ ಕಾಲದಲ್ಲಿ ಬಣ್ಣದ ಕಾರ್ಖಾನೆಯೋ ಔಷಧದ ಕಾರ್ಖಾನೆಯೋ ಕಾದಿರುತ್ತಿತ್ತು. ಆದರೆ ಇವರ ಮನಸ್ಸು ಅಚ್ಚಿನ ಮನೆಯ ಮಸಿಯ ಕಡೆಗೆ ಹೊರಳಿತು. 1954ರಲ್ಲಿ ‘ಮಾನವ್’ ಎಂಬ ಮಕ್ಕಳ ಪತ್ರಿಕೆ ತೆಗೆದರು. ಅದು ಬಾಳಲಿಲ್ಲ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಇಂಥವರ ಬಗ್ಗೆ ಬರೆಯುವಾಗ ಮೊದಲ ಸೋಲನ್ನು ಒಂದು ಸಾಲಿನಲ್ಲಿ ದಾಟಿಬಿಡುವುದು ನಮ್ಮ ರೂಢಿ. ಮುಂದೆ ಗೆದ್ದರಲ್ಲ, ಅದಕ್ಕೆ. 1954ರಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಇಪ್ಪತ್ತೈದು ವರ್ಷದ ಹುಡುಗ, ತಾಯಿ ತಂದೆ ಇಲ್ಲ, ಕೈಯಲ್ಲಿ ಒಳ್ಳೆಯ ಡಿಗ್ರಿ, ಮುಚ್ಚಿಹೋದ ಪತ್ರಿಕೆ. ನಮ್ಮ ಬೀದಿಯಲ್ಲಿದ್ದಿದ್ದರೆ ಏನೆನ್ನುತ್ತಿದ್ದೆವೋ ಯೋಚಿಸಿ.

ಮುಂದೆ ಅವರು ಟೈಮ್ಸ್ ಆಫ್ ಇಂಡಿಯಾದ ಪುಸ್ತಕ ವಿಭಾಗದಲ್ಲಿ ಕೆಲಸಕ್ಕೆ ಸೇರಿದರು. ಆ ಸಂಸ್ಥೆಯೇ 1964ರಲ್ಲಿ ಇಂದ್ರಜಾಲ ಕಾಮಿಕ್ಸ್ ಆರಂಭಿಸಿದ್ದು. ನನ್ನ ವಯಸ್ಸಿನವರಿಗೆ ಆ ಹೆಸರು ಸಾಕು, ಮುಖವಾಡದ ಫ್ಯಾಂಟಮ್ ಕಣ್ಣ ಮುಂದೆ ಬರುತ್ತಾನೆ. ನನಗೆ ಅವು ಸಿಗುತ್ತಿದ್ದದ್ದು ರಜೆಯಲ್ಲಿ ಸೋದರಮಾವನ ಮನೆಗೆ ಹೋದಾಗ. ರಟ್ಟು ಹರಿದು, ಕೊನೆಯ ಪುಟ ಕಾಣೆಯಾಗಿ, ಕಥೆಯ ಅಂತ್ಯವನ್ನು ನಾವೇ ಕಟ್ಟಿಕೊಳ್ಳಬೇಕಾಗುತ್ತಿತ್ತು.

1967ರ ಫೆಬ್ರುವರಿಯಲ್ಲಿ ಪೈ ದೆಹಲಿಯಲ್ಲಿದ್ದಾಗ ಅಂಗಡಿಯೊಂದರ ಟಿ.ವಿ.ಯಲ್ಲಿ ವಿದ್ಯಾರ್ಥಿಗಳ ರಸಪ್ರಶ್ನೆ ಕಾರ್ಯಕ್ರಮ ನೋಡಿದರು. ಗ್ರೀಕ್ ಪುರಾಣದ ಪ್ರಶ್ನೆಗೆ ಥಟ್ಟನೆ ಉತ್ತರ ಕೊಟ್ಟ ಮಕ್ಕಳು ರಾಮನ ತಾಯಿಯ ಹೆಸರು ಕೇಳಿದಾಗ ತಬ್ಬಿಬ್ಬಾದರು. ಈ ಪ್ರಸಂಗವನ್ನು ಅವರು ಮುಂದೆ ಬಹಳ ಸಲ ಹೇಳಿದ್ದಾರೆ. ಅಮರ ಚಿತ್ರ ಕಥೆಯ ಹುಟ್ಟಿನ ಕಥೆಯಾಗಿ ಎಲ್ಲೆಡೆ ಪ್ರಚಾರದಲ್ಲಿರುವುದೂ ಇದೇ.

ಆದರೆ ಕನ್ನಡಿಗರು ತಿಳಿದಿರಬೇಕಾದ ಇನ್ನೊಂದು ಅಧ್ಯಾಯ ಇದಕ್ಕೂ ಹಿಂದಿನದು. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ 1965ರಲ್ಲೇ ‘ಅಮರ ಚಿತ್ರ ಕಥೆ’ಗಳನ್ನು ಕನ್ನಡದಲ್ಲಿ ತಂದಿದ್ದರು. ಕಥೆಗಳು ನಮ್ಮವಲ್ಲ, ಸಿಂಡರೆಲ್ಲಾ, ಪಿನೋಕಿಯೊ, ಅಲ್ಲಾವುದ್ದೀನನ ಬಗೆಯ ಪರದೇಶದ ಕಥೆಗಳು. ಆದರೆ ಪುಸ್ತಕಗಳು ಚೆನ್ನಾಗಿ ಮಾರಾಟವಾದವು. ಅದನ್ನು ಕಂಡೇ ಮುಂಬಯಿಯ ಮುಖ್ಯ ಕಚೇರಿ ಇಂಗ್ಲಿಷಿಗೆ ಕೈಹಾಕಿತು, ಅದಕ್ಕಾಗಿ ಪೈ ಅವರನ್ನು ಕರೆತಂದಿತು ಎಂದು ಅನಂತರಾಮ್ ಹೇಳಿದ್ದಾರೆ. ಪೈ ಸಂಪಾದಕತ್ವದ ಮೊದಲ ಪೌರಾಣಿಕ ಪುಸ್ತಕ ‘ಕೃಷ್ಣ’ದ ಕ್ರಮಸಂಖ್ಯೆ ಒಂದಲ್ಲ, 11. ಮೊದಲ ಹತ್ತು ಸಂಖ್ಯೆಗಳು ಆ ಪರದೇಶದ ಕಥೆಗಳಿಗೇ ಹೋಗಿದ್ದವು. ಭಾರತದ ಇಷ್ಟು ದೊಡ್ಡ ಚಿತ್ರಕಥಾ ಮಾಲೆ ಮೊದಲು ಮಾತಾಡಿದ್ದು ಕನ್ನಡದಲ್ಲಿ ಎಂಬುದು ಸಣ್ಣ ಹೆಮ್ಮೆಯೇನಲ್ಲ.

ಇನ್ನೊಂದು ಮಾತನ್ನು ವಿದ್ಯಾರ್ಥಿಗಳು ಗಮನಿಸಬೇಕು. ಪೈ ಚಿತ್ರಕಾರರಲ್ಲ. ‘ಕೃಷ್ಣ’ವನ್ನು ಬರೆದವರು ಪೈ, ಚಿತ್ರಿಸಿದವರು ರಾಮ್ ವಾಯಿರ್ಕರ್. ನಮ್ಮ ಮಕ್ಕಳು ಇಂದಿಗೂ ನಗುವ ಸುಪ್ಪಂಡಿಗೆ ರೂಪ ಕೊಟ್ಟ ಕೈಯೂ ವಾಯಿರ್ಕರ್ ಅವರದೇ. ಚಿತ್ರಕಥೆಯಲ್ಲಿ ಕಥೆಯನ್ನು ಚೌಕಗಳಾಗಿ ಒಡೆಯುವವನು ಒಬ್ಬ, ಪೆನ್ಸಿಲಿನಲ್ಲಿ ಬರೆಯುವವನು ಒಬ್ಬ, ಮಸಿ ತುಂಬುವವನು, ಬಣ್ಣ ಹಾಕುವವನು, ಅಕ್ಷರ ಬರೆಯುವವನು ಬೇರೆ ಬೇರೆ. ‘ನನಗೆ ಚಿತ್ರ ಬರೆಯಲು ಬರುವುದಿಲ್ಲ, ಆದರೆ ಕಥೆ ಹೇಳಲು ಬರುತ್ತದೆ’ ಎನ್ನುವ ಹುಡುಗಿಗೂ ಇಲ್ಲಿ ಜಾಗವಿದೆ.

ಮೊದಮೊದಲು ಅಂಗಡಿಯವರು ಈ ಪುಸ್ತಕ ಇಡಲು ಒಪ್ಪುತ್ತಿರಲಿಲ್ಲ. ಕಾಮಿಕ್ಸ್ ಎಂದರೆ ಮಕ್ಕಳನ್ನು ಹಾಳು ಮಾಡುವ ಸಾಮಗ್ರಿ ಎಂದು ಮೇಷ್ಟರು, ತಾಯಿತಂದೆಯರು ತಿಳಿದಿದ್ದ ಕಾಲ. 1970ರ ದಶಕದ ಕೊನೆಯಲ್ಲಿ ದೆಹಲಿಯ ಕೇಂದ್ರೀಯ ವಿದ್ಯಾಲಯಗಳಲ್ಲಿ ಒಂದು ಪ್ರಯೋಗ ನಡೆಯಿತು. ಇತಿಹಾಸದ ಪಾಠವನ್ನು ಕೆಲವು ಮಕ್ಕಳಿಗೆ ಎಂದಿನ ಪಠ್ಯಪುಸ್ತಕದಿಂದ, ಉಳಿದವರಿಗೆ ಚಿತ್ರಕಥೆಯಿಂದ ಕಲಿಸಿ ಪರೀಕ್ಷೆ ಮಾಡಿದರು. ಚಿತ್ರಕಥೆ ಓದಿದವರೇ ಮುಂದಿದ್ದರು. (ಪ್ರಯೋಗದಲ್ಲಿ ಪ್ರಕಾಶಕರ ಆಸಕ್ತಿಯೂ ಇದ್ದಾಗ ನನ್ನಂಥವರು ಫಲಿತಾಂಶವನ್ನು ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ಆದರೂ ಚಿತ್ರವಿರುವ ಪಾಠ ಮಕ್ಕಳಿಗೆ ಬೇಗ ಹತ್ತುತ್ತದೆಂಬುದಕ್ಕೆ ನನಗೆ ದೆಹಲಿಯ ಸಾಕ್ಷಿ ಬೇಕಿಲ್ಲ.) ಆ ಬಳಿಕ ಶಾಲೆಗಳ ಬಾಗಿಲು ತೆರೆಯಿತು. 1980ರಲ್ಲಿ ‘ಟಿಂಕಲ್’ ಬಂತು, ಪೈ ‘ಅಂಕಲ್ ಪೈ’ ಆದರು. ನಾನೂರಕ್ಕೂ ಹೆಚ್ಚು ಪುಸ್ತಕಗಳು ಬಂದವು. ನಮ್ಮ ಕೃಷ್ಣದೇವರಾಯನೂ ತೆನಾಲಿ ರಾಮನೂ ಅವುಗಳಲ್ಲಿದ್ದಾರೆ. ರಾಕ್ಷಸರಿಗೆ ಸದಾ ಕಪ್ಪು ಬಣ್ಣ, ನಾಯಕರಿಗೆ ಬಿಳುಪು ಏಕೆ ಎಂದು ವಿಮರ್ಶಕರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಅದನ್ನೂ ಮಕ್ಕಳೊಡನೆ ಮಾತಾಡಬೇಕು. 2007ರಲ್ಲಿ ಮಾಲೆ ಬೇರೆ ಸಂಸ್ಥೆಯ ಕೈಸೇರಿತು, ಕಥೆಗಳು ಅನಿಮೇಷನ್ ರೂಪದಲ್ಲಿ ಟಿ.ವಿ.ಗೂ ಬಂದವು. 2011ರ ಫೆಬ್ರುವರಿ 24ರಂದು ಪೈ ತೀರಿಕೊಂಡರು.

ಚಿತ್ರ ಓಡುವುದು ಹೇಗೆ?

ಎರಡನೆಯವರ ಬಗ್ಗೆ ಹೇಳುವ ಮೊದಲು ಸ್ವಲ್ಪ ಪಾಠ. ಮೇಷ್ಟರ ಚಟ, ಕ್ಷಮಿಸಬೇಕು.

ಹಂಪಿಗೆ ಹೋದವರು ವಿರೂಪಾಕ್ಷ ಗುಡಿಯ ಹಿಂಭಾಗದ ಕತ್ತಲ ಕೋಣೆಯನ್ನು ನೋಡಿರುತ್ತೀರಿ. ಹೊರಗೆ ನಿಂತಿರುವ ಒಂಬತ್ತು ಅಂತಸ್ತಿನ ಗೋಪುರದ ನೆರಳು ಒಳಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ, ಕಿಂಡಿಯಲ್ಲಿ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಆಗುತ್ತದೆ, ಅಷ್ಟೆ. ಸೂಜಿರಂಧ್ರ ಕ್ಯಾಮರಾದ ತತ್ವವೂ ಇದೇ. ಇಷ್ಟನ್ನು ಪ್ರತಿ ವರ್ಷ ಮಕ್ಕಳನ್ನು ಕರೆದೊಯ್ದು ತೋರಿಸುತ್ತೇನೆ. ಅಲ್ಲಿಂದ ಹಜಾರರಾಮನ ಗುಡಿಗೆ ಹೋದರೆ ಇನ್ನೊಂದು ಪಾಠವಿದೆ. ಮಂಟಪದ ಹೊರಗೋಡೆಯ ಮೇಲೆ ರಾಮಾಯಣ ಮೂರು ಸಾಲುಗಳಲ್ಲಿ ಚೌಕ ಚೌಕವಾಗಿ ಸಾಗುತ್ತದೆ. ಆ ಚೌಕಗಳ ನಡುವಿನ ಖಾಲಿ ಜಾಗದಲ್ಲಿ ನಡೆದದ್ದನ್ನು ನೋಡುವವನೇ ಮನಸ್ಸಿನಲ್ಲಿ ತುಂಬಿಕೊಳ್ಳಬೇಕು. ಚಿತ್ರಕಥೆ ಎಂದರೆ ಇದೇ ಅಲ್ಲವೆ? ಪ್ರಾಕಾರದ ಹೊರಗೋಡೆಯಲ್ಲಿ ಆನೆ, ಕುದುರೆ, ಸೈನಿಕರು, ನರ್ತಕಿಯರ ಸಾಲು. ಕಳೆದ ಸಲ ನಮ್ಮ ಹರಿಗೋಲಿನ ಹುಡುಗ ಆ ಗೋಡೆಯ ಉದ್ದಕ್ಕೂ ಓಡಿ ಬಂದು, ‘ಸಾರ್, ಜೋರಾಗಿ ಓಡ್ತಾ ನೋಡಿದ್ರೆ ಆನೆ ನಡೀತಾವೆ’ ಎಂದ. ನಾನೂ ಪ್ರಯತ್ನಿಸಿದೆ. ನನ್ನ ಮಂಡಿ ಒಪ್ಪಲಿಲ್ಲ.

ನಿಂತ ಚಿತ್ರ ಓಡುವಂತೆ ಕಾಣುವುದಕ್ಕೆ ‘ದೃಷ್ಟಿಸ್ಥಿರತೆ’ ಕಾರಣ, ಕಣ್ಣಿನ ಪರದೆಯ ಮೇಲೆ ಬಿದ್ದ ಬಿಂಬ ಸುಮಾರು ಸೆಕೆಂಡಿನ ಹದಿನಾರನೇ ಒಂದು ಭಾಗ ಉಳಿಯುತ್ತದೆ ಎಂದು ನಾವು ಓದಿದ್ದೆವು, ನಮ್ಮ ಮಕ್ಕಳಿಗೂ ಹೇಳಿದೆವು. ಅದು ಅರ್ಧ ಉತ್ತರ. 1912ರಲ್ಲೇ ಜರ್ಮನಿಯ ಮನೋವಿಜ್ಞಾನಿ ಮ್ಯಾಕ್ಸ್ ವರ್ತೈಮರ್ ತೋರಿಸಿದಂತೆ, ಒಂದಾದ ಮೇಲೊಂದು ತಕ್ಕ ವೇಗದಲ್ಲಿ ಬರುವ ನಿಂತ ನೋಟಗಳಿಂದ ಚಲನೆಯನ್ನು ಕಟ್ಟುವುದು ಮಿದುಳು. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕ. ಅನಿಮೇಷನ್‌ನಲ್ಲಿ ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡೆರಡು ಚೌಕಕ್ಕೆ ಹಿಡಿಯುತ್ತಾರೆ, ಅಂದರೆ ಸೆಕೆಂಡಿಗೆ 12 ಚಿತ್ರ. ಹತ್ತು ನಿಮಿಷಕ್ಕೆ 7,200. ಕಂಪ್ಯೂಟರ್ ಬರುವ ಮುಂಚೆ ಪ್ರತಿಯೊಂದನ್ನೂ ಕಾಗದದ ಮೇಲೆ ಬರೆದು, ಪಾರದರ್ಶಕ ಹಾಳೆಗೆ ಇಳಿಸಿ, ಹಾಳೆಯ ಹಿಂಬದಿಯಿಂದ ಬಣ್ಣ ತುಂಬಿ, ಹಿನ್ನೆಲೆಯ ಚಿತ್ರದ ಮೇಲಿಟ್ಟು ಕ್ಯಾಮರಾದಿಂದ ಒಂದೊಂದೇ ಚೌಕ ತೆಗೆಯಬೇಕಿತ್ತು. ಬೆಳಕು, ಪರದೆ, ಕೀಲುಗಳಿರುವ ಬಣ್ಣದ ತೆಳು ಬೊಂಬೆ — ನಮ್ಮ ಸಿಳ್ಳೇಕ್ಯಾತರು ತೊಗಲುಗೊಂಬೆಯಲ್ಲಿ ತಲೆತಲಾಂತರದಿಂದ ಮಾಡಿಕೊಂಡು ಬಂದದ್ದಕ್ಕೂ ಇದಕ್ಕೂ ನೆಂಟಸ್ತನ ದೂರದ್ದಲ್ಲ. 2023ರಲ್ಲಿ ನಮ್ಮನ್ನಗಲಿದ ಬಳ್ಳಾರಿಯ ಬೆಳಗಲ್ಲು ವೀರಣ್ಣನವರ ಆಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಯೋಗಾಲಯ ಬಿಟ್ಟ ರಾಮ್ ಮೋಹನ್

ರಾಮ್ ಮೋಹನ್ ಹುಟ್ಟಿದ್ದು 1931ರಲ್ಲಿ. ಮದ್ರಾಸ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪದವೀಧರರು. ಹೆಚ್ಚಿನ ಓದಿಗೆಂದು ಮುಂಬಯಿಗೆ ಹೋದವರು ಅದನ್ನು ಬಿಟ್ಟು 1956ರಲ್ಲಿ ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್‌ನ ಕಾರ್ಟೂನ್ ಘಟಕ ಸೇರಿದರು. ಆಗತಾನೆ ಡಿಸ್ನಿ ಸ್ಟುಡಿಯೊದ ಅನಿಮೇಟರ್ ಕ್ಲೇರ್ ವೀಕ್ಸ್, ಅಮೆರಿಕದ ತಾಂತ್ರಿಕ ನೆರವಿನ ಯೋಜನೆಯಲ್ಲಿ ನಮ್ಮವರಿಗೆ ಕಲಿಸಲು ಬಂದಿದ್ದರು. ಈ ವೀಕ್ಸ್ ಹುಟ್ಟಿದ್ದು ಭಾರತದಲ್ಲೇ, ಮಿಷನರಿ ದಂಪತಿಗಳ ಮಗನಾಗಿ. ಅವರ ಮಾರ್ಗದರ್ಶನದಲ್ಲಿ ಜಾತಕ ಕಥೆಯೊಂದನ್ನು ಆಧರಿಸಿದ ‘ಬನಿಯನ್ ಡೀರ್’ 1957ರಲ್ಲಿ ತಯಾರಾಯಿತು. ಸರ್ಕಾರಿ ಸಂಬಳ, ಅದೂ ಚಿತ್ರ ಬರೆಯುವುದಕ್ಕೆ! ಲಾರಿ ಚಾಲಕರಾದ ನನ್ನ ಸ್ನೇಹಿತರಿಗೆ ಇದನ್ನು ಹೇಳಿದಾಗ ಅವರು ನಂಬಲಿಲ್ಲ.

ಹನ್ನೆರಡು ವರ್ಷದ ಸರ್ಕಾರಿ ನೌಕರಿಯನ್ನು ಬಿಟ್ಟು ರಾಮ್ ಮೋಹನ್ 1968ರಲ್ಲಿ ಪ್ರಸಾದ್ ಪ್ರೊಡಕ್ಷನ್ಸ್‌ನ ಅನಿಮೇಷನ್ ವಿಭಾಗದ ಮುಖ್ಯಸ್ಥರಾದರು. ಮೃಣಾಲ್ ಸೇನ್ ಅವರ ‘ಭುವನ್ ಶೋಮ್’ (1969) ಚಿತ್ರದ ಅನಿಮೇಷನ್ ತುಣುಕು ಅವರದು. 1972ರಲ್ಲಿ, ನಲವತ್ತು ದಾಟಿದ ಮೇಲೆ, ರಾಮ್ ಮೋಹನ್ ಬಯೋಗ್ರಾಫಿಕ್ಸ್ ಎಂಬ ಸ್ವಂತ ಸ್ಟುಡಿಯೊ ತೆರೆದರು. ಅದೇ ವರ್ಷದ ‘ಯೂ ಸೆಡ್ ಇಟ್’, ಮುಂದೆ 1983ರ ‘ಫೈರ್ ಗೇಮ್ಸ್’ ರಾಷ್ಟ್ರ ಪ್ರಶಸ್ತಿ ತಂದುಕೊಟ್ಟವು. ಪ್ರಶಸ್ತಿಯಿಂದ ಸ್ಟುಡಿಯೊದ ಬಾಡಿಗೆ ಕಟ್ಟಲಾಗುವುದಿಲ್ಲ. ಜಾಹೀರಾತು, ಶೈಕ್ಷಣಿಕ ಚಿತ್ರ, ಹಿಂದಿ ಸಿನಿಮಾಗಳ ಶೀರ್ಷಿಕೆ, ಹೀಗೆ ಬಂದ ಕೆಲಸ ಮಾಡುತ್ತ ಸ್ಟುಡಿಯೊ ಉಳಿಯಿತು. ಸತ್ಯಜಿತ್ ರಾಯ್ ಅವರ ‘ಶತರಂಜ್ ಕೆ ಖಿಲಾಡಿ’ (1977) ನೋಡಿದವರಿಗೆ ಡಾಲ್‌ಹೌಸಿ ದೇಶೀ ಸಂಸ್ಥಾನಗಳನ್ನು ಚೆರಿ ಹಣ್ಣಿನಂತೆ ಒಂದೊಂದಾಗಿ ನುಂಗುವ ತಮಾಷೆಯ ತುಣುಕು ನೆನಪಿರಬಹುದು. ಹತ್ತನೇ ತರಗತಿಯ ಇತಿಹಾಸದಲ್ಲಿ ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ನೀತಿಯನ್ನು ಕಂಠಪಾಠ ಮಾಡುವ ಮಕ್ಕಳು ಅದನ್ನೊಮ್ಮೆ ನೋಡಬೇಕು.

ಆನಂತರ ಬಂದದ್ದು ರಾಮಾಯಣ. ಜಪಾನಿನ ಯೂಗೊ ಸಾಕೊ ಎಂಬವರು 1980ರ ದಶಕದ ಮೊದಲಲ್ಲಿ ಉತ್ಖನನದ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಭಾರತಕ್ಕೆ ಬಂದು, ರಾಮಾಯಣದ ಕಥೆಗೆ ಮನಸೋತರು. ಪರದೇಶದವನು ನಮ್ಮ ರಾಮನನ್ನು ಕಾರ್ಟೂನ್ ಮಾಡುವುದೇ ಎಂಬ ಆಕ್ಷೇಪಣೆಗಳೂ ಎದ್ದವು. ಸಾಕೊ, ಕೊಯಿಚಿ ಸಸಾಕಿ ಮತ್ತು ರಾಮ್ ಮೋಹನ್ ಸೇರಿ ನಿರ್ದೇಶಿಸಿದ ಈ ಚಿತ್ರ 1992ರಲ್ಲಿ ಮುಗಿಯಿತು. ಉಡುಗೆ ಹೇಗಿರಬೇಕು, ನಮಸ್ಕಾರಕ್ಕೆ ಕೈ ಹೇಗೆ ಜೋಡಿಸಬೇಕು ಎಂಬ ವಿಷಯದಲ್ಲಿ ಜಪಾನಿನ ಚಿತ್ರಕಾರರಿಗೆ ಭಾರತೀಯರ ಮಾರ್ಗದರ್ಶನ ಬೇಕೇ ಬೇಕಿತ್ತು. 135 ನಿಮಿಷದ ಚಿತ್ರಕ್ಕೆ ಸುಮಾರು ಒಂದು ಲಕ್ಷ ಕೈಚಿತ್ರಗಳು ಬೇಕಾದವು ಎನ್ನುತ್ತಾರೆ. ತರಗತಿಯಲ್ಲಿ ಮಕ್ಕಳಿಗೆ ಲೆಕ್ಕ ಹಾಕಲು ಹೇಳಿದೆ: 135ನ್ನು 60ರಿಂದ, ಅದನ್ನು 12ರಿಂದ ಗುಣಿಸಿದರೆ 97,200. ಒಂದೇ ದೃಶ್ಯದಲ್ಲಿ ಎರಡು ಮೂರು ಪದರಗಳಿದ್ದರೆ, ನಿಂತ ದೃಶ್ಯಗಳಿದ್ದರೆ ಲೆಕ್ಕ ಬೇರೆಯಾಗುತ್ತದೆ, ನಿಜ. ಆದರೂ ಒಂದು ಲಕ್ಷ ಎನ್ನುವುದು ಬರಿಯ ಉತ್ಪ್ರೇಕ್ಷೆಯಲ್ಲವೆಂದು ಮಕ್ಕಳಿಗೆ ಮನವರಿಕೆಯಾಯಿತು.

ಈ ಚಿತ್ರ ಆ ಕಾಲದಲ್ಲಿ ನಮ್ಮ ಚಿತ್ರಮಂದಿರಗಳಲ್ಲಿ ಹೆಸರು ಮಾಡಲೇ ಇಲ್ಲ. ಟಿ.ವಿ.ಯಲ್ಲಿ ಬಂದ ಮೇಲೆ ಒಂದು ತಲೆಮಾರಿನ ಮಕ್ಕಳು ಅದನ್ನು ಮನೆಯಲ್ಲಿ ಕೂತು ನೋಡಿ ಬೆಳೆದರು. ಹೊಸದಾಗಿ ಶುದ್ಧಗೊಳಿಸಿದ ಪ್ರತಿ 2025ರ ಜನವರಿಯಲ್ಲಿ ತೆರೆಗೆ ಬಂದಾಗ ಬೆಂಗಳೂರಿನಲ್ಲಿ ಮಗಳ ಜೊತೆ ಹೋಗಿ ನೋಡಿದೆ. ಕಿಷ್ಕಿಂಧೆಯ ಭಾಗ ಬಂದಾಗ ನನ್ನ ಕಣ್ಣು ನಮ್ಮ ಬಂಡೆಗಳನ್ನೇ ಹುಡುಕುತ್ತಿತ್ತು. ಹೊಳೆಯಾಚೆಯ ಆನೆಗೊಂದಿ, ಅಂಜನಾದ್ರಿ, ಪಂಪಾ ಸರೋವರಗಳನ್ನು ದಿನವೂ ನೋಡುವವರ ಪಾಡು ಇದು. ಕಿಷ್ಕಿಂಧೆ ನಮ್ಮ ಪಕ್ಕದ ಮನೆ, ಅದನ್ನು ಓಡುವ ಚಿತ್ರವಾಗಿಸಲು ಜಪಾನಿನಿಂದ ಬರಬೇಕಾಯಿತು. ಕಂಪ್ಲಿಯ ಕುಮಾರರಾಮನ ಕಥೆ ಇನ್ನೂ ಯಾರ ಪೆನ್ಸಿಲಿಗೆ ಕಾಯುತ್ತಿದೆಯೋ.

ಮೀನಾಳ ಗಿಳಿ

ನನ್ನ ಮಟ್ಟಿಗೆ ರಾಮ್ ಮೋಹನ್ ಅವರ ದೊಡ್ಡ ಕೆಲಸ ರಾಮಾಯಣವಲ್ಲ, ಮೀನಾ. 1990ರ ದಶಕದಲ್ಲಿ ಯುನಿಸೆಫ್ ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳಿಗಾಗಿ ರೂಪಿಸಿದ ಈ ಮಾಲೆಯ ನಾಯಕಿಗೆ ರೂಪ ಕೊಟ್ಟವರು ಅವರು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಎಲ್ಲಿಯ ಹಳ್ಳಿಯವರೂ ‘ಇವಳು ನಮ್ಮ ಹುಡುಗಿ’ ಎನ್ನುವಂತಿರಬೇಕಿತ್ತು. ಉಡುಪು, ಮುಖ, ಮನೆ ಎಲ್ಲಕ್ಕೂ ಊರೂರಿನ ಜನರ ಅಭಿಪ್ರಾಯ ಕೇಳಿ ತಿದ್ದಿದರು. ಮೊದಲ ಕಥೆಯಲ್ಲಿ ಮೀನಾಳನ್ನು ಶಾಲೆಗೆ ಕಳುಹಿಸುವುದಿಲ್ಲ, ತಮ್ಮ ಹೋಗುತ್ತಾನೆ. ಅವಳು ತನ್ನ ಗಿಳಿ ಮಿಠುವನ್ನು ಶಾಲೆಯ ಕಿಟಕಿಗೆ ಕಳುಹಿಸುತ್ತಾಳೆ. ಗಿಳಿ ಕಲಿತು ಬಂದ ಎಣಿಕೆಯನ್ನು ತಾನು ಕಲಿಯುತ್ತಾಳೆ, ಕೋಳಿ ಎಣಿಸುತ್ತಾಳೆ, ಒಂದು ಕಡಿಮೆಯಾದದ್ದರಿಂದ ಕಳ್ಳ ಸಿಕ್ಕಿಬೀಳುತ್ತಾನೆ.

ನಾನು ನೌಕರಿಯ ಆರಂಭದ ವರ್ಷಗಳಲ್ಲಿ ಸಂಡೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿದ್ದೆ. ಏಳನೇ ತರಗತಿಯ ಹಾಜರಿ ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರಿನ ಮುಂದೆ ಸಾಲುಸಾಲು ಗೈರುಹಾಜರಿ. ಅದಿರು ಆರಿಸಲು ಹೋದವರು ಕೆಲವರು, ತಮ್ಮ ತಂಗಿಯರನ್ನು ನೋಡಿಕೊಳ್ಳಲು ಉಳಿದವರು ಕೆಲವರು. ಒಂದು ಸಂಜೆ ತರಬೇತಿಯಿಂದ ತಂದ ಕ್ಯಾಸೆಟ್ಟನ್ನು ಬಾಡಿಗೆ ಟಿ.ವಿ.ಯಲ್ಲಿ ಹಾಕಿ ಗುಡಿಯ ಕಟ್ಟೆಯ ಮುಂದೆ ಮೀನಾಳ ಕಥೆ ತೋರಿಸಿದೆವು. ಗಿಳಿ ಎಣಿಕೆ ಹೇಳಿದಾಗ ಹೆಂಗಸರು ಬಿದ್ದುಬಿದ್ದು ನಕ್ಕರು. ಮರುದಿನವೇ ಎಲ್ಲರೂ ಶಾಲೆಗೆ ಬಂದರು ಎಂದರೆ ಸುಳ್ಳಾಗುತ್ತದೆ. ಮೂವರು ಬಂದರು. ಅವರಲ್ಲಿ ಒಬ್ಬಳು ಈಗ ಅಂಗನವಾಡಿ ಕಾರ್ಯಕರ್ತೆ. ಆ ಚಿತ್ರದ ಹಿಂದೆ ರಸಾಯನಶಾಸ್ತ್ರ ಬಿಟ್ಟ ಒಬ್ಬರಿದ್ದಾರೆಂದು ಅಂದು ನನಗೆ ಗೊತ್ತಿರಲಿಲ್ಲ.

1990ರ ದಶಕದ ಕೊನೆಗೆ ಅವರ ಸ್ಟುಡಿಯೊ ಯುಟಿವಿ ಸಂಸ್ಥೆಯೊಡನೆ ಸೇರಿತು. 2006ರಲ್ಲಿ ಅನಿಮೇಷನ್ ಶಾಲೆ ತೆರೆದರು. 2014ರಲ್ಲಿ ಪದ್ಮಶ್ರೀ ಬಂತು, 2019ರ ಅಕ್ಟೋಬರ್ 11ರಂದು 88ನೇ ವಯಸ್ಸಿನಲ್ಲಿ ತೀರಿಕೊಂಡರು.

ಲಾಭ ನಷ್ಟದ ಮಾತು

ಇಷ್ಟು ಓದಿ ಮಕ್ಕಳು ಕುಣಿದಾಡಬಾರದು, ತಂದೆತಾಯಿಯರು ಗಾಬರಿಯಾಗಬಾರದು. ಜಪಾನಿನ ಒಸಾಮು ತೆಜುಕಾ ಅವರ ಕಥೆಯನ್ನು ಇಲ್ಲಿ ಹೇಳಲೇಬೇಕು. ಒಸಾಕಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುತ್ತಲೇ ಚಿತ್ರಕಥೆ ಬರೆದು ಹೆಸರಾದವರು. ವೈದ್ಯಕೀಯ ಪರವಾನಗಿ ಪಡೆದರು, ಬಸವನಹುಳುವಿನ ಜೀವಕೋಶಗಳ ಮೇಲೆ ಸಂಶೋಧನೆ ಮಾಡಿ 1961ರಲ್ಲಿ ಡಾಕ್ಟರೇಟ್ ಕೂಡ ಪಡೆದರು, ಆದರೆ ಸ್ಟೆತಾಸ್ಕೋಪಿನ ಬದಲು ಪೆನ್ನು ಹಿಡಿದರು. ಕೀಟಗಳೆಂದರೆ ಪ್ರಾಣ, ತಾವು ಕಟ್ಟಿದ ಅನಿಮೇಷನ್ ಸ್ಟುಡಿಯೊಗೆ ‘ಮುಶಿ’ ಎಂದು ಹೆಸರಿಟ್ಟರು, ಜಪಾನಿ ಭಾಷೆಯಲ್ಲಿ ಕೀಟ ಎಂದರ್ಥ. 1963ರ ಜನವರಿ 1ರಂದು ಅವರ ‘ಆಸ್ಟ್ರೋ ಬಾಯ್’ ಟಿ.ವಿ.ಯಲ್ಲಿ ಆರಂಭವಾಯಿತು. ವಾರಕ್ಕೊಂದು ಕಂತು ಕೊಡಬೇಕು, ಹಣವಿಲ್ಲ. ಚಿತ್ರಗಳ ಸಂಖ್ಯೆ ಇಳಿಸಿದರು, ಬಾಯಿ ಮಾತ್ರ ಅಲ್ಲಾಡಿಸಿದರು, ಒಂದೇ ಓಟದ ಚಿತ್ರವನ್ನು ಮತ್ತೆ ಮತ್ತೆ ಬಳಸಿದರು. ಕಂತುಗಳನ್ನು ಖರ್ಚಿಗಿಂತ ಕಡಿಮೆ ಬೆಲೆಗೆ ಮಾರಿ, ನಷ್ಟವನ್ನು ಪುಸ್ತಕ ಮತ್ತು ಆಟಿಕೆಗಳ ಆದಾಯದಿಂದ ತುಂಬಿಕೊಂಡರು. ಜನ ಮೆಚ್ಚಿದರು. ಆದರೆ ಆ ಕಡಿಮೆ ಬೆಲೆಯೇ ಮಾದರಿಯಾಗಿ, ಜಪಾನಿನ ಅನಿಮೇಷನ್ ಕೆಲಸಗಾರರ ಸಂಬಳ ಕೆಳಗೇ ಉಳಿಯಲು ಅದೂ ಒಂದು ಕಾರಣವೆಂದು ಇಂದಿಗೂ ದೂರುವವರಿದ್ದಾರೆ. ತೆಜುಕಾ 1971ರಲ್ಲಿ ಮುಖ್ಯಸ್ಥನ ಸ್ಥಾನ ಬಿಟ್ಟರು. 1973ರಲ್ಲಿ ಮುಶಿ ದಿವಾಳಿಯಾಯಿತು.

ನಮ್ಮಲ್ಲೂ ಹಾಗೆಯೇ. 2012ರಲ್ಲಿ ಅನಿಮೇಷನ್ ಉದ್ಯಮಕ್ಕೆಂದೇ ನೀತಿ ತಂದ ದೇಶದ ಮೊದಲ ರಾಜ್ಯ ಕರ್ನಾಟಕ. ಬೆಂಗಳೂರಿನಲ್ಲಿ ಕುಳಿತು ಹಾಲಿವುಡ್ ಚಿತ್ರಗಳಿಗೆ ಕೆಲಸ ಮಾಡುವ ಸಾವಿರಾರು ಮಂದಿ ಇದ್ದಾರೆ. ಆದರೆ 2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಎಂಬ ದೊಡ್ಡ ಸಂಸ್ಥೆ ಪ್ಯಾರಿಸ್‌ನಲ್ಲಿ ಕುಸಿದಾಗ ಬೆಂಗಳೂರಿನ ಕಚೇರಿಯೂ ಮುಚ್ಚಿ ಅವರಲ್ಲಿ ಬಹಳಷ್ಟು ಜನ ಬೀದಿಗೆ ಬಂದರು. ಗಣಿ ನಿಂತಾಗ ಲಾರಿ ನಿಂತ ಹಾಗೆ. ಈಗ ಕೃತಕ ಬುದ್ಧಿಮತ್ತೆ ಬೇರೆ, ನಡುವಿನ ಚಿತ್ರಗಳನ್ನು ತಾನೇ ತುಂಬುತ್ತದೆ. ಹಾಗಾಗಿ, ಸಾಫ್ಟ್‌ವೇರ್ ಒಂದನ್ನು ಆರು ತಿಂಗಳಲ್ಲಿ ಕಲಿಸಿ ಕೆಲಸ ಕೊಡಿಸುತ್ತೇವೆಂದು ಬಸ್‌ಸ್ಟ್ಯಾಂಡ್ ಗೋಡೆಗೆ ಚೀಟಿ ಅಂಟಿಸುವವರ ಬಳಿ ಸಾಲ ಮಾಡಿ ಶುಲ್ಕ ಕಟ್ಟುವ ಮುನ್ನ ಹತ್ತು ಸಲ ಯೋಚಿಸಿ. ಮೊದಲು ಕೈ ಪಳಗಲಿ. ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳಿವೆ. ಪಿಯುಸಿ ನಂತರ ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇವೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಪ್ರವೇಶ ಪರೀಕ್ಷೆ ಕಠಿಣ, ಶುಲ್ಕವೂ ಹೆಚ್ಚು, ಆದರೆ ವಿದ್ಯಾರ್ಥಿವೇತನಗಳಿವೆ. ವಿಜ್ಞಾನ ಓದಿದವರಿಗೆ ಇವುಗಳ ಬಾಗಿಲು ಮುಚ್ಚಿಲ್ಲ. ಬೆಳಕು, ತೂಕ, ವೇಗೋತ್ಕರ್ಷ ಗೊತ್ತಿದ್ದವನು ಬರೆದ ಚೆಂಡು ಪುಟಿಯುವಾಗ ಚೆಂಡಿನಂತೆಯೇ ಪುಟಿಯುತ್ತದೆ.

ಆ ತಂದೆಯನ್ನು ಮತ್ತೆ ಕರೆಸಲಿಲ್ಲ, ನಾನೇ ಒಂದು ಭಾನುವಾರ ಮನೆಗೆ ಹೋದೆ. ಬೀರುವಿನಲ್ಲಿದ್ದ ನೋಟ್‌ಬುಕ್ ಹುಡುಗನಿಗೆ ಹಿಂದಿರುಗಿಸಿ, ‘ಹೊಡೆತ ತಿಂದ ಹರಿಗೋಲು ತಗೋ’ ಎಂದೆ. ಮೇಲೆ ಬರೆದದ್ದನ್ನೆಲ್ಲ ಅಪ್ಪನಿಗೆ ಹೇಳಿದೆ, ದಿವಾಳಿಯ ಕಥೆಯನ್ನೂ ಬಿಡದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ‘ಸೈನ್ಸ್ ಬಿಡಬಾರ್ದು ಸಾರ್, ಅದೊಂದು ಮಾತ್ರ’ ಎಂದರು. ಬಿಡುವುದಿಲ್ಲವೆಂದು ಹುಡುಗ ಒಪ್ಪಿದ. ನೋಟ್‌ಬುಕ್ ತಿರುವಿ ತೋರಿಸುತ್ತ, ‘ನಿಜವಾದ ಹರಿಗೋಲು ಇಷ್ಟು ಬೇಗ ತಿರುಗಲ್ಲ ಸಾರ್. ನಿಧಾನ ತಿರುಗ್ಸೋಕೆ ಪುಟ ಸಾಲ್ಲಿಲ್ಲ’ ಎಂದ.

ಮುಂದಿನ ವಾರ ಶಾಲೆಯ ಗೇಟಿನ ಬಳಿ ಲಾರಿ ನಿಂತಿತು. ಅವರು ಇಳಿದು ಬಂದು ಇನ್ನೂರು ಪುಟದ ದಪ್ಪ ಪುಸ್ತಕವೊಂದನ್ನು ನನ್ನ ಕೈಗಿತ್ತು, ‘ಇವನಿಗೆ ಕೊಡ್ರಿ. ಅಂಗಡ್ಯಾಗ ಗೆರೆ ಇಲ್ಲದ್ದೇ ಬೇಕಂತ ಕೇಳಿ ತಂದೀನಿ’ ಎಂದು ಹೇಳಿ, ಸಂಡೂರಿನ ಲೋಡಿಗೆ ಹೊತ್ತಾಯಿತೆಂದು ಹೊರಟುಹೋದರು.